ಬಲ್ಲಾಳರ ಕೆಂಪು ಗಾಡಿಯ ಬೆಲ್ಟು

ಹೆಣ್ಣು ಹೆತ್ತವನು ಮಾತು ಕಡಿಮೆ ಆಡಬೇಕೆಂದು ಹಿರಿಯರು ಹೇಳಿಟ್ಟಿದ್ದಾರೆ. ಡೊಂಬಿವಲಿಯ ಗುಣಪಾಲ ಹೆಗ್ಡೆಯವರು ಹಿರಿಯರ ಮಾತು ಮೀರಿದವರಲ್ಲ. ಖಾರಘರದಿಂದ ಗಂಡಿನ ಕಡೆಯವರು ಹೆಣ್ಣು ನೋಡಲು ಬಂದ ಆ ಆದಿತ್ಯವಾರ ಅವರು ಬಹಳ ಹೊತ್ತು ಬಾಯಿ ಮುಚ್ಚಿಕೊಂಡೇ ಕುಳಿತಿದ್ದರು. ಆಮೇಲೆ ಆಡಿದ್ದು ಮೂರೇ ಪದ. ಆ ಮೂರು ಪದ ಹೊರಗೆ ಬಿದ್ದ ಮೇಲೆ ಒಂದು ವಾರ ಆ ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಸರಿಯಾಗಿ ಇಳಿಯಲಿಲ್ಲ.

ಗುಣಪಾಲರು ಸ್ಟೇಷನ್ನಿನ ಪಕ್ಕದ ಉಡುಪಿ ಹೋಟೆಲೊಂದರಲ್ಲಿ ಸ್ಟೋರ್ ನೋಡಿಕೊಳ್ಳುವವರು. ಅಕ್ಕಿ, ಉದ್ದು, ತೆಂಗಿನಕಾಯಿ, ಗ್ರೈಂಡರು, ಇಷ್ಟೇ ಅವರ ಪ್ರಪಂಚ. ಮಗಳು ಅಶ್ಮಿತಾ ಮಹಾಪೆಯ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದು, ಅಲ್ಲೇ ಎಂಜಿನಿಯರಾಗಿದ್ದ ಸುಪ್ರೀತನನ್ನು ಮೆಚ್ಚಿದ್ದಳು. ಹುಡುಗ ಜಾತಿಯವನೇ, ಕಾರ್ಕಳದ ಕಡೆಯ ಜೈನರ ಮನೆ. ತಂದೆ ಇಲ್ಲ, ತಾಯಿ ಒಪ್ಪಿದ್ದರು. ಹಾಗಾದರೆ ಇನ್ನೇನು ಬಾಕಿ ಎಂದು ಘಟ್ಟದ ಮೇಲಿನವರು ಕೇಳಿಯಾರು. ಬಾಕಿ ಇದ್ದದ್ದು ಸೋದರಮಾವ. ತುಳುನಾಡಿನ ಅಳಿಯಸಂತಾನದ ಕಟ್ಟು ಕೋರ್ಟಿನ ಪುಸ್ತಕದಿಂದ ಹೋಗಿ ಎಷ್ಟೋ ಕಾಲವಾಯಿತು, ಮದುವೆ ಮಾತಿನಿಂದ ಮಾತ್ರ ಹೋಗಿಲ್ಲ. ಹೆತ್ತವರು ಹೂಂ ಅಂದರೂ ತಾಯಿಯ ಅಣ್ಣ ಹೂಂ ಅನ್ನುವ ತನಕ ವೀಳ್ಯ ಬದಲಾಗುವ ಹಾಗಿಲ್ಲ.

ಆ ಅಣ್ಣ ಪ್ರೇಮನಾಥ ಬಲ್ಲಾಳರು. ಹಡಗಿನ ಕಂಪನಿಯಲ್ಲಿ ಊರೂರು ಸುತ್ತಿ ನಿವೃತ್ತರಾದ ಬ್ರಹ್ಮಚಾರಿ. ಅವರಿಗೆ ಪ್ರಾಣ ಎರಡರ ಮೇಲೆ. ಒಂದು ಧರ್ಮ: ಹೊತ್ತು ಮುಳುಗಿದ ಮೇಲೆ ತೊಟ್ಟು ನೀರೂ ಮುಟ್ಟುವವರಲ್ಲ. ಇನ್ನೊಂದು ಅವರ ಕೆಂಪು ಗಾಡಿ: ಎರಡೇ ಸೀಟಿನ, ತಲೆಯ ಮೇಲೆ ಕ್ಯಾನ್ವಾಸಿನ ಕೊಡೆಯಿರುವ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಹಳೆಯ ವಿಲಾಯ್ತಿ ಸ್ಪೋರ್ಟ್ಸ್ ಕಾರು. ಅಂದು ಸೋದರಳಿಯ ಸುಪ್ರೀತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರಲ್ಲೇ ಬಂದಿದ್ದರು, ತಂಗಿಯನ್ನು ರೈಲಿಗೆ ಕಳಿಸಿ. ಗಾಡಿ ಸೊಸೈಟಿಯ ಗೇಟು ಹೊಕ್ಕಾಗ ನೂರು ತಗಡಿನ ಡಬ್ಬಿಗಳನ್ನು ಒಟ್ಟಿಗೆ ಗೀರಿದ ಹಾಗೆ ಕಿರುಚಿತು. ನಾಲ್ಕೂ ಮಹಡಿಯ ಜನ ಗ್ಯಾಲರಿಗೆ ಬಂದು ನಿಂತರು.

ಬಲ್ಲಾಳರು ಚಹಾ ಕುಡಿದರು. ಮಾತಾಡಲಿಲ್ಲ. ಗುಣಪಾಲರ ಹೆಂಡತಿ ಚಂಪಕ್ಕ ಕಡುಬು ಬಡಿಸಿದರು. ತಿಂದರು, ಮಾತಾಡಲಿಲ್ಲ. ಅಶ್ಮಿತಾ ಬಂದು ಕಾಲಿಗೆ ಬಿದ್ದಳು. ತಲೆಯ ಮೇಲೆ ಕೈಯಿಟ್ಟರು, ಆಗಲೂ ಮಾತಿಲ್ಲ. ಫ್ಯಾನಿನ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಆ ಮೌನ ಗುಣಪಾಲರ ಎದೆಯ ಮೇಲೆ ಅಕ್ಕಿಮೂಟೆಯಂತೆ ಕುಳಿತಿತು.

"ನಿಮ್ಮ ಗಾಡಿಯದ್ದು ಬೆಲ್ಟ್," ಎಂದುಬಿಟ್ಟರು.

ಯೋಚಿಸಿ ಹೇಳಿದ್ದಲ್ಲ. ಹೋಟೆಲಿನಲ್ಲಿ ಯಾವ ಯಂತ್ರ ಕಿರುಚಿದರೂ ಅವರು ಹೇಳುತ್ತಿದ್ದದ್ದು ಅದೊಂದನ್ನೇ. ಗ್ರೈಂಡರು ಕಿರುಚಿದರೆ ಬೆಲ್ಟ್, ಕಾಯಿ ತುರಿಯುವ ಯಂತ್ರ ಕಿರುಚಿದರೆ ಬೆಲ್ಟ್. ಅಡುಗೆ ಭಟ್ಟರ ಹೆಂಡತಿ ಒಮ್ಮೆ ಫೋನಿನಲ್ಲಿ ಕಿರುಚಿದಾಗಲೂ ಬೆಲ್ಟ್ ಎಂದೇ ಹೇಳಿ ಇಟ್ಟಿದ್ದರು.

ಬಲ್ಲಾಳರು ಕಪ್ಪು ಕೆಳಗಿಟ್ಟರು. "ಏನಂದ್ರಿ? ಆಲ್ಟರ್ನೇಟರ್ ಬೆಲ್ಟಾ?"

"ಅದೇ."

"ವಾಶಿಯವನು ಬೇರಿಂಗ್ ಅಂದ. ಪನ್ವೇಲಿನವನು ಗಾಡಿಯನ್ನೇ ಮಾರಿ ಅಂದ. ಮಾಜಿವಾಡಾದಲ್ಲಿ ಒಬ್ಬ ಸುಮ್ಮನೆ ನಕ್ಕ. ನೀವು ಬಾನೆಟ್ ತೆರೆಯದೆ, ಮೂರನೆಯ ಮಾಳಿಗೆಯಲ್ಲಿ ಕೂತು ಹೇಳಿದ್ರಲ್ಲ! ನಿಮಗೆ ಇದರ ಅಭ್ಯಾಸ ಉಂಟಾ?"

ಏನೂ ಹೇಳಬೇಡಿ ಎಂದು ಅಡುಗೆಮನೆಯ ಬಾಗಿಲಿನಿಂದ ಅಶ್ಮಿತಾ ಹಿಂದಿಯಲ್ಲಿ ಪಿಸುಗುಟ್ಟಿದಳು. "ಪಪ್ಪಾ, ಪ್ಲೀಸ್, ಕುಛ್ ಮತ್ ಬೋಲೋ."

"ಸ್ವಲ್ಪ," ಎಂದರು ಗುಣಪಾಲರು.

ಅವರ ಪ್ರಕಾರ ಅದು ಸತ್ಯ. ಆದರೆ ಕರಾವಳಿಯವರ ಬಾಯಲ್ಲಿ ಸ್ವಲ್ಪ ಎಂದರೆ ಏನೆಂದು ಕರಾವಳಿಯವರಿಗೆ ಗೊತ್ತು. ಸ್ವಲ್ಪ ಚೆಂಡೆ ಬಾರಿಸುತ್ತೇನೆ ಎಂದವನು ಬೆಳಗಾಗುವ ತನಕ ಮೇಳ ಎಳೆಯುತ್ತಾನೆ. ಸ್ವಲ್ಪ ಜಾಗ ಉಂಟು ಎಂದವನ ಗದ್ದೆ ನೋಡಲು ಅರ್ಧ ದಿನ ನಡೆಯಬೇಕು. ಬಲ್ಲಾಳರ ಮುಖ ಮೊದಲ ಬಾರಿಗೆ ಅರಳಿತು. ಅವರು ಜೇಬಿನಿಂದ ಗಾಡಿಯ ಬೀಗದ ಕೈ ತೆಗೆದು, ಹೆಣ್ಣಿನ ಕೈ ಒಪ್ಪಿಸುವವರ ಹಾಗೆ ಗುಣಪಾಲರ ಅಂಗೈಯಲ್ಲಿಟ್ಟರು.

"ಗಾಡಿ ಇಲ್ಲೇ ಇರಲಿ. ಬರುವ ಆದಿತ್ಯವಾರ ಹೊಸ ಬೆಲ್ಟ್ ಹಾಕಿ ನೀವೇ ಓಡಿಸಿಕೊಂಡು ನಮ್ಮಲ್ಲಿಗೆ ಬನ್ನಿ. ಆದಿತ್ಯವಾರ ನನಗೆ ಒಂದೇ ಊಟ, ಹೊತ್ತು ಮುಳುಗುವ ಮೊದಲು. ಒಟ್ಟಿಗೆ ಕೂತು ಉಣ್ಣುವ. ಉಂಡ ಮೇಲೆ ನನ್ನ ಮಾತು ಹೇಳ್ತೇನೆ."

ಮೆಟ್ಟಿಲಿಳಿಯುವಾಗ ಹುಡುಗನ ತಾಯಿ ಚಂಪಕ್ಕನ ಕೈ ಹಿಡಿದು ಮೆಲ್ಲಗೆ ಹೇಳಿದರು. "ಹೊತ್ತು ಮಾತ್ರ ತಪ್ಪಿಸಬೇಡಿ ಮಾರಾಯ್ರೆ. ಹೋದ ವರ್ಷ ನನ್ನ ದೊಡ್ಡ ಮಗನಿಗೆ ಒಂದು ಸಂಬಂಧ ಬಂದಿತ್ತು. ದೀಪ ಹಚ್ಚಿದ ಮೇಲೆ ಬಂದರು. ಅಣ್ಣ ಅವರನ್ನು ಗೇಟಿನಿಂದಲೇ ತಿರುಗಿಸಿದ. ಹೊತ್ತು ತಿಳಿಯದವರಿಗೆ ಹೆಣ್ಣೂ ಇಲ್ಲ ಗಂಡೂ ಇಲ್ಲ ಅಂದ. ಆ ಮೇಲೆ ಅವರ ಮುಖ ನಾವು ನೋಡ್ಲಿಲ್ಲ."

ಬಾಗಿಲು ಮುಚ್ಚಿದ ಮೇಲೆ ಚಂಪಕ್ಕ ಗಂಡನ ಎದುರು ಬಂದು ನಿಂತರು. "ಎಂತ ಅಭ್ಯಾಸ ಉಂಟು ನಿಮಗೆ?"

"ಬೆಲ್ಟ್ ಬೆಲ್ಟೇ ಅಲ್ಲವಾ ಚಂಪಾ? ಗ್ರೈಂಡರಿನದ್ದೇನು, ಗಾಡಿಯದ್ದೇನು..."

"ಗ್ರೈಂಡರಿಗೆ ಮಗಳು ಕೊಡ್ಲಿಕ್ಕಿಲ್ಲ ನಾವು."

ಗುಣಪಾಲರು ಸೋಮವಾರ ಹೋಟೆಲಿಗೆ ರಜೆ ಹಾಕಿ ಗಾಡಿಯ ಮುಂದೆ ನಿಂತರು. ಮೊದಲ ಕಷ್ಟ ಬಾನೆಟ್ಟು. ಎಲ್ಲರ ಗಾಡಿಯ ಬಾನೆಟ್ಟು ಮುಂದಿನಿಂದ ಏಳುತ್ತದೆ, ಇದು ಹಿಂದಿನಿಂದ ಎದ್ದು ಮೂತಿಯ ಕಡೆಗೆ ಬಾಗುತ್ತದೆ. ಅದು ತಿಳಿಯುವಷ್ಟರಲ್ಲಿ ಕೆಳಮಹಡಿಯ ಸತ್ಯಭಾಮಾ ಬಾಯಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಲ್ಯಾಣದ ಲೋಕೋ ಶೆಡ್ಡಿನಿಂದ ನಿವೃತ್ತರಾದ ಬಳ್ಳಾರಿಯ ಹುಲಗಪ್ಪನವರು ಲುಂಗಿ ಎತ್ತಿ ಕಟ್ಟಿಕೊಂಡು ಬಂದಿದ್ದರು.

"ಏನ್ರಿ ಹೆಗಡೇರ, ಆಪರೇಶನ್ ನಡದೈತೇನು? ರೋಗಿ ಯಾರು?"

"ಬೆಲ್ಟ್ ಬದಲಿಸಬೇಕು ಹುಲಗಪ್ನೋರೆ."

"ಬೆಲ್ಟಾ? ನಾ ಮೂವತ್ತು ವರ್ಷ ಎಂಜಿನ್ನಿನ ಹೊಟ್ಟ್ಯಾಗ ಬಾಳೇವು ಮಾಡೀನಿ, ಅಲ್ಲಿ ಇಂಥಾ ಸಣ್ಣ ವ್ಯವಹಾರನ ಇಲ್ಲ. ಸರೀರಿ, ನೋಡೂಣು."

ಇಬ್ಬರೂ ಇಣುಕಿದರು. ಕಪ್ಪು ರಬ್ಬರಿನ ಪಟ್ಟಿಯೊಂದು ಗಾಲಿಗಳನ್ನು ಸುತ್ತಿಕೊಂಡಿತ್ತು. ಅಲ್ಲಲ್ಲಿ ಬಿರುಕು, ಅಂಚಿನಲ್ಲಿ ನೂಲು. ಗುಣಪಾಲರಿಗೆ ಒಳಗೊಳಗೇ ಹೆಮ್ಮೆಯಾಯಿತು: ಹೇಳಿದ್ದು ನಿಜವೇ ಆಗಿತ್ತಲ್ಲ! ಆದರೆ ರೋಗ ಕಂಡುಹಿಡಿದವನೇ ಮದ್ದು ಅರೆಯಬೇಕಾಗಿ ಬಂದಾಗ ಹೆಮ್ಮೆ ಎಷ್ಟು ಹೊತ್ತು ನಿಲ್ಲುತ್ತದೆ? ಆಲ್ಟರ್ನೇಟರನ್ನು ಹಿಡಿದಿದ್ದ ಬೋಲ್ಟು ತುಕ್ಕು ಹಿಡಿದು ಕಲ್ಲಾಗಿತ್ತು. ಅದನ್ನು ಸಡಿಲ ಮಾಡದೆ ಬೆಲ್ಟು ಬರುವುದಿಲ್ಲ. ಗುಣಪಾಲರು ತಿರುಗಿಸಿದರು, ಹುಲಗಪ್ಪನವರು ತಿರುಗಿಸಿದರು, ಇಬ್ಬರೂ ಕೂಡಿ ತಿರುಗಿಸಿದರು. ಸ್ಪ್ಯಾನರೇ ತಿರುಗಿತು, ಬೋಲ್ಟು ತಿರುಗಲಿಲ್ಲ. ಕೊನೆಗೆ ಗುಣಪಾಲರು ಮೇಲೆ ಹೋಗಿ ಹಲಸಿನಕಾಯಿ ಕೊಯ್ಯುವ ಕತ್ತಿ ತಂದು ಬೆಲ್ಟನ್ನೇ ಕಚಕ್ಕನೆ ಕೊಯ್ದುಬಿಟ್ಟರು.

ಗ್ಯಾಲರಿಗಳಲ್ಲಿದ್ದವರೆಲ್ಲ ಬಗ್ಗಿ ನೋಡಿದರು.

"ಈಗ ಹೊಸಾದು ಹಾಕಲಾರದ ಗಾಡಿ ಹೊರಗ ಹೋಗಂಗಿಲ್ಲ ನೋಡ್ರಿ," ಎಂದರು ಹುಲಗಪ್ಪ. "ಹೊಳಿ ದಾಟೂಕಿಂತ ಮೊದಲ ದೋಣಿ ಸುಟ್ರಿ."

ಸತ್ಯಭಾಮಾ ಬಾಯಿ ಅದನ್ನು ಮರಾಠಿಯಲ್ಲಿ ಇಡೀ ಕಟ್ಟಡಕ್ಕೆ ಅನುವಾದಿಸಿದರು. ಸಂಜೆ ಹಾಲಿನವನೂ ಗುಣಪಾಲರನ್ನು ಕನಿಕರದಿಂದ ನೋಡಿ ಹೋದ.

ಕೊಯ್ದ ಬೆಲ್ಟನ್ನು ಚೀಲದಲ್ಲಿ ಹಾಕಿಕೊಂಡು ಗಂಡ ಹೆಂಡತಿ ಅಂಗಡಿ ಅಂಗಡಿ ತಿರುಗಿದರು. ಡೊಂಬಿವಲಿಯಲ್ಲಿ ಸಿಗಲಿಲ್ಲ. ಕಲ್ಯಾಣದಲ್ಲಿ ಗಾಡಿಯ ಹೆಸರು ಕೇಳಿದವನು ತನ್ನ ಅಣ್ಣನನ್ನು ಕರೆದ, ಅಣ್ಣ ಅಪ್ಪನನ್ನು ಕರೆದ, ಅಪ್ಪ ಕನ್ನಡಕ ಹಾಕಿಕೊಂಡು ಬಂದು "ಇಂಥ ಗಾಡಿ ಈಗಲೂ ಓಡ್ತದಾ?" ಎಂದು ಹಿಂದಿಯಲ್ಲಿ ಕೇಳಿ ಒಳಗೆ ಹೋದ. ಗುರುವಾರ ವಿಠ್ಠಲವಾಡಿ ಸ್ಟೇಷನ್ನಿನ ಹೊರಗಿನ ಸಣ್ಣ ಅಂಗಡಿಯಲ್ಲಿ ಸಿಂಧಿ ಸೇಠ್ ಒಬ್ಬ ಹಳೆಯ ತುಂಡನ್ನು ಕೌಂಟರಿನ ಮೇಲೆ ಉದ್ದಕ್ಕೆ ಚಾಚಿ, ಅದೇ ಅಗಲದ ಮೂರು ಹೊಸ ಬೆಲ್ಟು ಪಕ್ಕದಲ್ಲಿಟ್ಟ. ಒಂದು ಹಳೆಯದಕ್ಕಿಂತ ಚೂರು ಗಿಡ್ಡ. ಒಂದು ಸರಿಸಮ. ಒಂದು ಎರಡು ಬೆರಳು ಉದ್ದ. ಯಾವುದು ಕೊಡಲಿ ಎಂದು ಅಂಗಡಿಯವನು ಕೇಳಿದ.

"ಕೌನ್ ಸಾ ದೂಂ, ಸಾಹೇಬ್? ಸ್ಪೋರ್ಟ್ಸ್ ಕಾರ್‌ವಾಲೇ ತೋ ಆಪ್ ಹೈಂ."

ಸ್ಪೋರ್ಟ್ಸ್ ಕಾರ್‌ವಾಲೇ ಎನಿಸಿಕೊಂಡ ಮೇಲೆ ಗೊತ್ತಿಲ್ಲ ಎನ್ನುವುದು ಹೇಗೆ? ಗುಣಪಾಲರು ಹೆಂಡತಿಯ ಮುಖ ನೋಡಿದರು. ಹದಿನಾಲ್ಕು ವರ್ಷ ಮಗಳಿಗೆ ಶಾಲೆಯ ಯೂನಿಫಾರ್ಮು ಕೊಂಡ ತಾಯಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ.

"ದೊಡ್ಡದೇ ತೆಗೊಳ್ಳಿ. ಮುಂದೆ ಬಾಳ್ತದೆ. ಸಣ್ಣದು ತೆಗೊಂಡ್ರೆ ಮತ್ತೆ ಬಿಚ್ಚಿ ಹೊಲಿಲಿಕ್ಕೆ ಆಗ್ತದಾ?"

"ಹೌದು. ದೊಡ್ಡದನ್ನು ಎಳೆದು ಬಿಗಿ ಮಾಡಬಹುದು," ಎಂದರು ಗುಣಪಾಲರು.

ಲೋಕದಲ್ಲಿ ಮಕ್ಕಳು ಬೆಳೆಯುತ್ತಾರೆ, ಬಟ್ಟೆ ಬೆಳೆಯುವುದಿಲ್ಲ. ಆದ್ದರಿಂದ ಬಟ್ಟೆ ದೊಡ್ಡದಿರಬೇಕು. ಎಂಜಿನ್ನು ಬೆಳೆಯುವುದಿಲ್ಲ, ಬೆಲ್ಟೇ ದಿನದಿನಕ್ಕೆ ಹಿಗ್ಗಿ ಬೆಳೆಯುತ್ತದೆ. ಆದ್ದರಿಂದ ಬೆಲ್ಟು ಚಿಕ್ಕದಿರಬೇಕು. ಕೈಯಲ್ಲಿದ್ದ ಹಳೆಯ ತುಂಡೇ ವರ್ಷಗಟ್ಟಲೆ ಹಿಗ್ಗಿದ್ದು. ಅದಕ್ಕಿಂತ ಉದ್ದದ್ದನ್ನು ಕೊಂಡು ಇಬ್ಬರೂ ಸಂತೋಷದಿಂದ ಮನೆಗೆ ಬಂದರು.

ಹುಲಗಪ್ಪನವರು ಅಷ್ಟರಲ್ಲಿ ಎರಡು ದಿನ ಬೋಲ್ಟಿಗೆ ಸೀಮೆಎಣ್ಣೆ ಕುಡಿಸಿ, ಶನಿವಾರ ಬೆಳಿಗ್ಗೆ ಮಾರುದ್ದದ ಕಬ್ಬಿಣದ ಹಾರೆ ಹಿಡಿದು ನಿಂತಿದ್ದರು. ಬೋಲ್ಟು ಕಿರ್ರೆಂದು ಮಣಿಯಿತು. ಗ್ಯಾಲರಿಗಳಿಂದ ಚಪ್ಪಾಳೆ. ಹೊಸ ಬೆಲ್ಟನ್ನು ಗಾಲಿಗಳ ಮೇಲೆ ತೊಡಿಸಿದರು. ಅಜ್ಜನ ಅಂಗಿಯ ಹಾಗೆ ಸರಾಗವಾಗಿ ಹೋಯಿತು. ಇನ್ನು ಆಲ್ಟರ್ನೇಟರನ್ನು ಹೊರಕ್ಕೆ ಮೀಟಿ ಬೆಲ್ಟು ಬಿಗಿ ಮಾಡಿ ಬೋಲ್ಟು ಹಾಕಬೇಕು. ಅದು ಸರಿಯಲಿಕ್ಕೆಂದು ಪಟ್ಟಿಯಲ್ಲಿ ಬೆರಳುದ್ದದ ಒಂದು ಸೀಳಿದೆ. ಹುಲಗಪ್ಪನವರು ಮೀಟಿದರು. ಆಲ್ಟರ್ನೇಟರು ಸೀಳಿನ ತುದಿಯವರೆಗೂ ಸರಿಯಿತು. ಅಲ್ಲಿಂದ ಮುಂದೆ ಜಾಗವಿಲ್ಲ.

"ಹೆಬ್ಬೆರಳಲೆ ಒತ್ತಿ ನೋಡ್ರಿ. ಅರ್ಧ ಇಂಚು ಇಳದ್ರ ಸರಿ ಅಂತ ನಮ್ಮ ಅಳಿಯ ಫೋನಿನ್ಯಾಗ ಹೇಳ್ಯಾನ."

ಗುಣಪಾಲರು ಒತ್ತಿದರು. ಬೆಲ್ಟು ತೊಟ್ಟಿಲಿನ ಹಾಗೆ ಕೆಳಕ್ಕೆ ಇಳಿಯಿತು.

"ಎಷ್ಟಾತ್ರಿ?"

"ಅರ್ಧಕ್ಕಿಂತ ಸ್ವಲ್ಪ ಜಾಸ್ತಿ."

ಶನಿವಾರ ಮಧ್ಯಾಹ್ನ ವಿಠ್ಠಲವಾಡಿಗೆ ಫೋನು ಮಾಡಿದರೆ ಸೇಠ್ ಮದುವೆಗೆ ಇಂದೋರಿಗೆ ಹೋಗಿದ್ದಾನೆ, ಅಂಗಡಿ ಮಂಗಳವಾರ. ಗುಣಪಾಲರು ಗಾಡಿಯ ಮೆಟ್ಟಿಲಿಲ್ಲದ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಆಗ ಅವರಿಗೆ ಹೋಟೆಲಿನ ಭಟ್ಟರು ನೆನಪಾದರು. ಬೆಳಗಿನ ಗಡಿಬಿಡಿಯಲ್ಲಿ ಗ್ರೈಂಡರಿನ ಬೆಲ್ಟು ಜಾರಿದರೆ ಭಟ್ಟರು ಅಂಗಡಿಗೆ ಓಡುವವರಲ್ಲ. ಹೋಳಿಗೆಗೆ ಕಾಯಿಸಿಟ್ಟ ಬೆಲ್ಲದ ಪಾಕವನ್ನು ಒಂದು ಚಮಚ ಬೆಲ್ಟಿನ ಒಳಬದಿಗೆ ಸವರುವವರು. ಜಿಗಟು ಹಿಡಿದ ಬೆಲ್ಟು ಅಂದಿನ ದೋಸೆ ಮುಗಿಯುವ ತನಕ ಜಾರುತ್ತಿರಲಿಲ್ಲ.

"ಚಂಪಾ, ಎಳೆಪಾಕ ಮಾಡು."

"ಯಾವ ಹಬ್ಬಕ್ಕೆ?"

ಪಾಕ ಬಂತು. ಅದರಲ್ಲಿ ಏಲಕ್ಕಿಯೂ ಇತ್ತು; ಕೈ ರೂಢಿ, ಏನು ಮಾಡುವುದು. ಸವರಿ ಗಾಡಿ ಸ್ಟಾರ್ಟು ಮಾಡಿದರು. ಕಿರುಚಲಿಲ್ಲ! ಸ್ಟಿಯರಿಂಗಿನ ಎದುರಿನ ಮಾಪಕಗಳ ನಡುವೆ ಉರಿಯುತ್ತಿದ್ದ ಕೆಂಪು ದೀಪ ಆರಿತು. ಹುಲಗಪ್ಪನವರು ಗುಣಪಾಲರನ್ನು ತಬ್ಬಿಕೊಂಡು, ಒಂದು ಎಚ್ಚರಿಕೆಯನ್ನೂ ಕಟ್ಟಿ ಕೊಟ್ಟರು.

"ಹೆಗಡೇರ, ಆ ಕೆಂಪು ದೀಪ ಮತ್ತ ಹತ್ತಿತಂದ್ರ ಬೆಲ್ಟು ಜಾರಾಕತ್ತೈತಿ, ಗಾಡಿ ಬ್ಯಾಟರೀನ ಉಣ್ಣಾಕತ್ತೈತಿ ಅಂತ ತಿಳಕೋರಿ. ಆಗ ಹೆಡ್‌ಲೈಟ್ ಹಚ್ಚಬ್ಯಾಡ್ರಿ. ಎಂಜಿನ್ ಬಂದ್ ಮಾಡಬ್ಯಾಡ್ರಿ. ನೀರು ತಿರಗೋದೂ ಅದ ಬೆಲ್ಟಿನ ಮ್ಯಾಲ, ಕಾವು ಏರ್ತೈತಿ. ಬೆಳಕಿದ್ದಾಗ ಮುಟ್ಟಿಬಿಡ್ರಿ."

ಆದಿತ್ಯವಾರ ರಾಹುಕಾಲಕ್ಕೆ ಮುಂಚೆ ಹೊರಟರು. ಎರಡೇ ಸೀಟಾದ್ದರಿಂದ ಅಶ್ಮಿತಾ ರೈಲಿನಲ್ಲಿ ಮೊದಲೇ ಹೋಗಿದ್ದಳು. ಚಂಪಕ್ಕ ರೇಷ್ಮೆ ಸೀರೆಯುಟ್ಟು, ತೊಡೆಯ ಮೇಲೆ ಹಣ್ಣು ವೀಳ್ಯದ ಹರಿವಾಣ ಇಟ್ಟುಕೊಂಡು, ನೆಲದಿಂದ ಗೇಣೆತ್ತರದಲ್ಲಿ ಕಾಲು ಚಾಚಿ ಕೂತರು. ಕ್ಯಾನ್ವಾಸಿನ ಕೊಡೆ ಅರ್ಧಕ್ಕೆ ಸಿಕ್ಕಿಕೊಂಡು ಮುಚ್ಚಲಿಲ್ಲ. ಮಾನಪಾಡಾ ರಸ್ತೆಯಲ್ಲಿ ಅವರ ಮುಡಿಯ ಮಲ್ಲಿಗೆ ಹಾರಿ ಹಿಂದಿನ ರಿಕ್ಷಾದವನ ಮುಖಕ್ಕೆ ಹೋಯಿತು.

"ಮೆಲ್ಲ ಹೋಗಿ ಮಾರಾಯ್ರೆ!"

"ಮೆಲ್ಲ ಹೋದ್ರೆ ಹೊತ್ತು ಮುಳುಗ್ತದೆ."

"ಮುಳುಗುವ ಮೊದಲು ನಾನು ಹಾರಿ ಹೋಗ್ತೇನೆ."

ಕಾಟಯಿ ನಾಕಾ ದಾಟಿದ್ದೇ ಗುಣಪಾಲರ ಮೂಗಿಗೆ ಪಾಯಸದ ವಾಸನೆ ಬಂತು. ಎಂಜಿನ್ನಿನ ಕಾವಿಗೆ ಬೆಲ್ಲ ಕರಗುತ್ತಿತ್ತು. ಕರಗಿದ ಬೆಲ್ಲ ಜಿಗಟಲ್ಲ, ಜಾರುಗುಪ್ಪೆ. ಮೊದಲು ಸಣ್ಣಗೆ ಕುಂಯ್ ಎಂದಿತು. ಆಮೇಲೆ ಕೆಂಪು ದೀಪ ಮಿಣುಕಿತು, ಆರಿತು, ಮಿಣುಕಿತು. ಶಿಲ್‌ಫಾಟಾ ಬರುವ ಹೊತ್ತಿಗೆ ಆರದೆ ನಿಂತುಬಿಟ್ಟಿತು.

"ಆ ದೀಪ ಯಾಕೆ ಉರೀತದೆ?" ಎಂದರು ಚಂಪಕ್ಕ.

"ಅಲಂಕಾರಕ್ಕೆ."

ಶಿಲ್‌ಫಾಟಾದ ತಿರುವಿನಲ್ಲಿ ಲಾರಿಗಳು ಒಂದರ ಬಾಲಕ್ಕೊಂದು ನಿಂತಿದ್ದವು. ಬಲಗಡೆ ಸೂರ್ಯ ಮುಂಬ್ರಾದ ಗುಡ್ಡದ ಕಡೆ ವಾಲಿದ್ದ. ಗುಣಪಾಲರ ಒಂದು ಕಣ್ಣು ಸೂರ್ಯನ ಮೇಲೆ, ಒಂದು ಕಣ್ಣು ಏರುತ್ತಿದ್ದ ಕಾವಿನ ಮುಳ್ಳಿನ ಮೇಲೆ. ರಸ್ತೆ ನೋಡಲು ಕಣ್ಣು ಉಳಿದಿರಲಿಲ್ಲ. ಅಷ್ಟರಲ್ಲಿ ಟ್ರಾಫಿಕ್ ಹವಾಲ್ದಾರ ಕೋಲು ಅಡ್ಡ ಹಿಡಿದ.

"ಥಾಂಬಾ, ಥಾಂಬಾ! ಕಾಕಾ, ಹೇ ಕಾಯ್ ಶಿಜತಂಯ್?"

ಗಾಡಿಯ ಮೂತಿಯಿಂದ ಹೊಗೆ ಏಳುತ್ತಿತ್ತು. ಏನು ಬೇಯುತ್ತಿದೆ ಎಂದು ಅವನು ಕೇಳಿದ್ದು ನ್ಯಾಯವೇ.

"ಕುಛ್ ನಹೀ ಸಾಹೇಬ್, ಬೆಲ್ಟ್," ಎಂದರು ಗುಣಪಾಲರು.

"ಬೆಲ್ಟ್‌ಲಾ ಗುಳಾಚಾ ವಾಸ್?" ಹವಾಲ್ದಾರ ಬಾಗಿ ಮೂಸಿದ. ಬೆಲ್ಲದ ವಾಸನೆಗೆ ಅವನ ಮುಖ ಮೃದುವಾಯಿತು. "ಎಂಜಿನ್ ಬಂದ್ ಕರಾ. ಬಘೂ ದ್ಯಾ."

"ಸಾಹೇಬ್, ಬಂದ್ ಮಾತ್ರ ಬೇಡ..." ಎಂದು ಗುಣಪಾಲರು ಕನ್ನಡದಲ್ಲೇ ಬೇಡಿಕೊಂಡರು. ಹವಾಲ್ದಾರ ತಾನೇ ಕೈ ಹಾಕಿ ಬೀಗದ ಕೈ ತಿರುಗಿಸಿದ. ಎಂಜಿನ್ನು ನಿಂತಿತು.

ಜನ ಸೇರಿದರು. ಕೆಂಪು ಗಾಡಿಯ ಪಕ್ಕ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡರು. ಒಬ್ಬಳು ತನ್ನ ಕೂಸನ್ನು ಚಂಪಕ್ಕನ ಹರಿವಾಣದ ಪಕ್ಕ ಕೂರಿಸಿಯೇಬಿಟ್ಟಳು. ಹವಾಲ್ದಾರನೂ ಟೋಪಿ ಸರಿಮಾಡಿಕೊಂಡು ಒಂದು ಫೋಟೋಕ್ಕೆ ನಿಂತ. ಎಲ್ಲ ಮುಗಿದ ಮೇಲೆ, "ಜಾವಾ ಆತಾ," ಹೋಗಿ ಇನ್ನು ಎಂದ. ಬೀಗದ ಕೈ ತಿರುಗಿಸಿದರೆ ಗಾಡಿ ಕ್ಷಯದ ರೋಗಿಯಂತೆ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಚಂಪಕ್ಕ ಹರಿವಾಣ ಎದೆಗೊತ್ತಿಕೊಂಡು ಎದ್ದು ನಿಂತರು. ಅವರಿಗೆ ಮರಾಠಿ ಬಂದದ್ದು ಡೊಂಬಿವಲಿಯ ಮೀನಿಲ್ಲದ ತರಕಾರಿ ಮಾರ್ಕೆಟ್ಟಿನಲ್ಲಿ. ಅಲ್ಲಿ ಮೆಲ್ಲಗೆ ಮಾತಾಡಿದರೆ ಬದನೆಯೂ ಸಿಗುವುದಿಲ್ಲ.

"ಅಹೋ ಹವಾಲ್ದಾರ್! ನನ್ನ ಮಗಳ ಮದುವೆ ಮಾತಿಗೆ ಹೊರಟವಳು ನಾನು. ಹೊತ್ತು ಮುಳುಗಿದರೆ ಮದುವೆ ಮುರೀತದೆ. ಬಂದ್ ಮಾಡಿದವರು ನೀವು, ದೂಡುವವರೂ ನೀವೇ!" ಎಂದು ಶುದ್ಧ ಮರಾಠಿಯಲ್ಲಿ ಗುಡುಗಿದರು.

ಮಗಳ ಮದುವೆ ಎಂದದ್ದೇ ತಡ, ಲಾರಿ ಡ್ರೈವರುಗಳೂ ಇಳಿದು ಬಂದರು. ಹವಾಲ್ದಾರ ಕೋಲನ್ನು ಕಂಕುಳಿಗೆ ಸಿಕ್ಕಿಸಿ ಹಿಂದಿನಿಂದ ಒತ್ತಿದ. ಹೋ ಎಂದು ದೂಡಿದ ರಭಸಕ್ಕೆ ಗಾಡಿ ಉಸಿರು ಹಿಡಿದು ಓಡಿತು. ಹವಾಲ್ದಾರನೇ ಮುಂದೆ ಓಡಿ ಲಾರಿಗಳನ್ನು ಬದಿಗೆ ಸರಿಸಿ, ಮಂತ್ರಿಯ ಗಾಡಿಗೆ ಬಿಟ್ಟ ಹಾಗೆ ದಾರಿ ಬಿಟ್ಟ.

ಆದರೆ ತಳೋಜಾ ದಾಟಿ, ಖಾರಘರದ ಗುಡ್ಡ ಮತ್ತು ಎತ್ತರದ ಕಟ್ಟಡಗಳು ಕಾಣಿಸಿದ್ದೇ, ಬಾನೆಟ್ಟಿನ ಒಳಗೆ ಫಟ್ ಎಂದು ಸದ್ದಾಯಿತು. ಕಪ್ಪು ಹಾವಿನಂಥದೊಂದು ಗಾಡಿಯ ಕೆಳಗಿನಿಂದ ಹಾರಿ ಚರಂಡಿ ಸೇರಿತು. ಕಿರುಚಾಟ ನಿಂತಿತು. ಕಾವಿನ ಮುಳ್ಳು ಕೆಂಪಿಗೆ ಹೋಯಿತು. ಗುಣಪಾಲರು ಗಾಡಿಯನ್ನು ಬದಿಗೆ ತಂದು ನಿಲ್ಲಿಸಿ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟರು.

ಚಂಪಕ್ಕ ಫೋನು ತೆಗೆದು ಮಗಳಿಗೆ ಹಚ್ಚಿದರು. "ಅಶ್ಮೀ, ಅಲ್ಲಿ ಎಂತ ಆಗ್ತಾ ಉಂಟು?"

"ಮಮ್ಮೀ, ಬಲ್ಲಾಳ್ ಅಂಕಲ್ ಗೇಟ್ ಪೇ ಖಡೇ ಹೈಂ. ಆಕಾಶ ನೋಡ್ತಾ ಇದ್ದಾರೆ. ಎಲೆ ಹಾಕಿ ಆಯ್ತು. ನೀವು ಕಹಾಂ ಹೋ?" ಮಗಳ ದನಿ ಅಳುವಿನ ಅಂಚಿನಲ್ಲಿತ್ತು.

ಸ್ವಲ್ಪ ಹೊತ್ತಿಗೆ ಮೋಟಾರು ಸೈಕಲ್ಲು ಒಂದು ಬಂದು ನಿಂತಿತು. ಸುಪ್ರೀತ. ಅಶ್ಮಿತಾಳಿಂದ ಉದ್ದದ ಬೆಲ್ಟಿನ ಕಥೆ ಕೇಳಿ, ಮೊಸರು ತರುತ್ತೇನೆಂದು ಮಾವನಿಗೆ ಹೇಳಿ ಹೊರಟಿದ್ದ. ಅವನು ಬಾನೆಟ್ಟು ಎತ್ತಿ ನೋಡಿದ. ಬೆಲ್ಟಿಲ್ಲ. ಬೆರಳಿನಿಂದ ಗಾಲಿ ಮುಟ್ಟಿ, ಆ ಬೆರಳು ಮೂಸಿ, ಗುಣಪಾಲರ ಮುಖ ನೋಡಿ, ಏನೂ ಕೇಳದೆ ಮುಚ್ಚಿದ. ಹುಡುಗ ಒಳ್ಳೆಯವನು.

"ಅಂಕಲ್, ನ್ಯೂಟ್ರಲ್ ಹಾಕಿ ಕೂತ್ಕೊಳ್ಳಿ. ನಾನು ದೂಡ್ತೇನೆ."

ಈ ಕಡೆ ರಿಕ್ಷಾ ಕೆಟ್ಟರೆ ಮಾಡುವ ಉಪಾಯ ಅದು: ಹಿಂದಿನ ಬೈಕಿನವನು ಒಂದು ಕಾಲು ಚಾಚಿ ಮುಂದಿನ ಗಾಡಿಗೆ ಕೊಟ್ಟು ದೂಡಿಕೊಂಡು ಹೋಗುವುದು. ವಿಲಾಯ್ತಿ ಸ್ಪೋರ್ಟ್ಸ್ ಕಾರು ಆ ರೀತಿ ಖಾರಘರ ಪ್ರವೇಶ ಮಾಡಿತು. ಸೂರ್ಯನ ಕೆಳಗಿನ ಅಂಚು ಗುಡ್ಡಕ್ಕೆ ತಾಗಿತ್ತು. ಕೊನೆಯ ತಿರುವಿನಿಂದ ಬಲ್ಲಾಳರ ಗೇಟಿನ ತನಕ ಇಳಿಜಾರು. ಸುಪ್ರೀತ ಅಲ್ಲಿ ಒಂದು ಜೋರು ಒದೆ ಕೊಟ್ಟು ಮೊಸರಿನ ಅಂಗಡಿಯ ಕಡೆ ಮರೆಯಾದ.

ಗಾಡಿ ಉರುಳಿತು. ಎಂಜಿನ್ನಿಲ್ಲ, ಬೆಲ್ಟಿಲ್ಲ, ಸದ್ದಿಲ್ಲ. ಗೇಟಿನ ನಡುವೆ ಬಿಳಿ ಪಂಚೆ ಉಟ್ಟ ಬಲ್ಲಾಳರು, ಅವರ ಹಿಂದೆ ತಂಗಿ, ಅಶ್ಮಿತಾ. ಗುಣಪಾಲರು ಬ್ರೇಕು ತುಳಿದರು. ಗಾಡಿ ಕೇಳಲಿಲ್ಲ. ಎರಡೂ ಕಾಲಿನಿಂದ ತುಳಿದರು. ಚಂಪಕ್ಕ ಕಣ್ಣು ಮುಚ್ಚಿ ನಮೋಕಾರ ಮಂತ್ರ ಶುರು ಮಾಡಿದರು. ಬಂಪರು ಪಂಚೆಯ ಅಂಚಿಗೆ ತಾಗಿತೋ ಇಲ್ಲವೋ ಎನ್ನುವಲ್ಲಿ ಗಾಡಿ ನಿಂತಿತು.

ಬಲ್ಲಾಳರು ಕದಲಲಿಲ್ಲ. ಅವರೂ ಕಣ್ಣು ಮುಚ್ಚಿದ್ದರು.

"ಆಹಾ," ಎಂದರು. "ಶಬ್ದವೇ ಇಲ್ಲ! ಎಂಜಿನ್ ನಡೀತದೋ ಇಲ್ಲವೋ ಗೊತ್ತಾಗುವುದಿಲ್ಲ!"

ಗುಣಪಾಲರು ಬಾಯಿ ತೆರೆದರು. ಚಂಪಕ್ಕನ ಮೊಣಕೈ ಪಕ್ಕೆಗೆ ನಾಟಿತು. ಮುಚ್ಚಿದರು.

"ಇಳಿಯಬೇಡಿ, ಇಳಿಯಬೇಡಿ. ಊಟಕ್ಕೆ ಮೊದಲು ಒಂದು ಸುತ್ತು ಹೋಗಿ ಬರುವ," ಎಂದು ಬಲ್ಲಾಳರು ಚಂಪಕ್ಕನ ಕಡೆಯ ಬಾಗಿಲಿಗೆ ಕೈ ಹಾಕಿದರು.

ಗುಣಪಾಲರು ಬೀಗದ ಕೈ ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡರು. ವಾರವಿಡೀ ಆ ಮನೆಯವರನ್ನು ಅಟ್ಟಿಸಿಕೊಂಡು ಬಂದಿದ್ದ ಸೂರ್ಯನನ್ನು ಚಂಪಕ್ಕ ಆಗ ಕೈಯೆತ್ತಿ ತೋರಿಸಿದರು.

"ಬಲ್ಲಾಳ್ರೇ, ಹೊತ್ತು!"

ಸೂರ್ಯ ಗುಡ್ಡದ ಮೇಲೆ ಅರ್ಧ ಉಳಿದಿದ್ದ. ಗಾಡಿಯ ಮೂತಿಯಿಂದ ಕರಗಿದ ಬೆಲ್ಲ ಏಲಕ್ಕಿಯ ಪರಿಮಳ ಬಿಸಿಬಿಸಿಯಾಗಿ ಎದ್ದು ಬಲ್ಲಾಳರ ಮೂಗಿಗೆ ಮುಟ್ಟಿತು. ಅವರು ಮನೆಯ ಕಡೆ ತಿರುಗಿದರು.

"ತಂಗೀ, ಪಾಯಸ ತಳ ಹಿಡಿತಾ ಉಂಟು! ಬನ್ನಿ, ಬನ್ನಿ, ಎಲ್ಲರೂ ಒಳಗೆ!"

ಆ ಊಟದ ರುಚಿ ಏನಿತ್ತೆಂದು ಗುಣಪಾಲರಿಗೆ ಗೊತ್ತಿಲ್ಲ. ಪಾಯಸ ಇರಲಿಲ್ಲವೆಂಬುದಷ್ಟೇ ಗೊತ್ತು. ಅಂದು ಮಾಡಿದ್ದು ಹಯಗ್ರೀವ, ಅದೂ ಬೆಲ್ಲದ್ದೇ ಆದ್ದರಿಂದ ಬಲ್ಲಾಳರು ಅನುಮಾನಿಸಲಿಲ್ಲ. ಕಿಟಕಿಯ ಬೆಳಕು ಕೆಂಪಾಗಿ ನೀಲಿಯಾಗುವ ಸಂಧಿಯಲ್ಲಿ ಅವರು ಕೈ ತೊಳೆದು, ಹರಿವಾಣ ತರಿಸಿ, ತಂಗಿಯ ಕೈಯಿಂದ ವೀಳ್ಯ ಬದಲಾಯಿಸಿದರು.

"ಹುಡುಗಿ ನಮ್ಮವಳು. ಬಲ್ಲಾಳ ಆಡಿದ ಮಾತು ಆಡಿದ್ದೇ."

ಅಶ್ಮಿತಾ ಅತ್ತಳು. ಚಂಪಕ್ಕ ಅತ್ತರು. ಗುಣಪಾಲರು ಎದ್ದು ಹೋಗಿ ಅಂಗಳದಲ್ಲಿ ನಿಂತರೆ, ಅಲ್ಲಿ ಬಲ್ಲಾಳರು ಟಾರ್ಚು ಹಿಡಿದು ಬಾನೆಟ್ಟು ಎತ್ತುತ್ತಿದ್ದರು.

ಟಾರ್ಚಿನ ಬೆಳಕು ಎಂಜಿನ್ನಿನ ಮೇಲೆ ಓಡಾಡಿತು. ಗಾಲಿಗಳ ಮೇಲೆ ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಗಾಲಿಗಳ ಮೇಲೆ ಬಂದು ನಿಂತಿತು. ಮೂರು ಅಂಗಡಿ ತಿರುಗಿ ಆಗಷ್ಟೇ ಮೊಸರಿನ ಚೀಲ ಹಿಡಿದು ಬಂದ ಸುಪ್ರೀತ ಗೇಟಿನಲ್ಲೇ ಕಲ್ಲಾದ.

"ಹೆಗ್ಡೆಯವರೇ, ಇಲ್ಲಿ ಬೆಲ್ಟೇ ಕಾಣುವುದಿಲ್ಲವಲ್ಲ?"

ಗುಣಪಾಲರು ಸತ್ಯ ಹೇಳಿಬಿಡುವುದೆಂದು ನಿಶ್ಚಯಿಸಿದರು. "ಇಲ್ಲ ಬಲ್ಲಾಳ್ರೇ," ಎಂದರು. "ಬೆಲ್ಟ್ ಇಲ್ಲ."

ಬಲ್ಲಾಳರು ಬಹಳ ಹೊತ್ತು ನೋಡಿದರು. ಆಮೇಲೆ ಟಾರ್ಚು ಆರಿಸಿ, ಗುಣಪಾಲರ ಹೆಗಲ ಮೇಲೆ ಕೈಯಿಟ್ಟರು.

"ಬೆಲ್ಟಿನ ಉಪದ್ರವನ್ನೇ ತೆಗೆದುಬಿಟ್ರಿ! ಬೆಲ್ಟೇ ಇಲ್ಲದಿದ್ದರೆ ಕಿರುಚುವುದು ಎಂತದ್ದು? ಮೂರು ಗ್ಯಾರೇಜಿನವರಿಗೆ ಇಷ್ಟು ಸರಳ ವಿಷಯ ಹೊಳೆಯಲಿಲ್ಲ ನೋಡಿ! ಮದುಮಗ ಇದೇ ಗಾಡಿಯಲ್ಲಿ ಮಂಟಪಕ್ಕೆ ಬರಬೇಕು."

ಗುಣಪಾಲರು ಸುಪ್ರೀತನನ್ನು ನೋಡಿದರು. ಸುಪ್ರೀತ ಮೊಸರನ್ನು ನೋಡಿದ.

"ಹಾಗಾದ್ರೆ ಮದುವೆಯ ತನಕ ಗಾಡಿ ನನ್ನಲ್ಲೇ ಇರಲಿ," ಎಂದರು ಗುಣಪಾಲರು, ಗಂಟಲು ಸರಿಮಾಡಿಕೊಂಡು. "ಇನ್ನೂ ಕೆಲಸ ಬಾಕಿ ಉಂಟು. ಇವತ್ತು ಎಂಜಿನ್ನಿಗೆ ವಿಶ್ರಾಂತಿ. ಹಗ್ಗ ಕಟ್ಟಿ ಎಳೆದುಕೊಂಡು ಹೋಗ್ತೇವೆ."

"ವಿಶ್ರಾಂತಿ ಬೇಕೇ ಬೇಕು," ಎಂದು ಬಲ್ಲಾಳರು ಒಪ್ಪಿ ಒಳಗೆ ಹೋದರು.

ಸುಪ್ರೀತ ಗೆಳೆಯನ ಜೀಪು ತರಿಸಿದ. ನೆಲದ ಮೇಲೆ ಮಂಡಿಯೂರಿ ಕೆಂಪು ಗಾಡಿಯ ಮೂತಿಗೆ ಹಗ್ಗ ಬಿಗಿದ, ಎರಡು ಸಲ ಎಳೆದು ನೋಡಿದ. ಚಂಪಕ್ಕನನ್ನೂ ಅಶ್ಮಿತಾಳನ್ನೂ ಜೀಪಿನಲ್ಲಿ ಕೂರಿಸಿದ. ಆಮೇಲೆ ಕ್ಯಾನ್ವಾಸಿನ ಕೊಡೆಯ ಅಡಿಯಲ್ಲಿ ಒಬ್ಬರೇ ಸ್ಟಿಯರಿಂಗು ಹಿಡಿದು ಕೂತಿದ್ದ ಗುಣಪಾಲರ ಬಳಿ ಬಂದು, ಬಾಗಿ, ಒಳಗಿನವರಿಗೆ ಕೇಳದ ಹಾಗೆ ಹೇಳಿದ.

"ಮಾವ, ಈ ಸಲ ಸಣ್ಣದು ತೆಗೊಳ್ಳಿ. ನಾನೂ ಬರ್ತೇನೆ."